ಇಲಿಗೆ ಅಡಿಕೆ ತಿನ್ನಿಸುವ ಮೊದಲು: ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ನಾನು ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವಳು. ಅಡಿಕೆ ಮಾರಿದ ದುಡ್ಡಿನಲ್ಲೇ ಡೆಂಟಲ್ ಕಾಲೇಜಿನ ಫೀಸು ಕಟ್ಟಿದ್ದು. ಹದಿನಾಲ್ಕು ವರ್ಷದಿಂದ ನಿಮ್ಮದೇ ಕ್ಷೇತ್ರದ ಒಂದು ತಾಲೂಕು ಊರಿನಲ್ಲಿ ಹಲ್ಲಿನ ಡಾಕ್ಟರಾಗಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದರೆ ಅಡಿಕೆ, ಕ್ಯಾನ್ಸರ್ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ನಮ್ಮ ಕಡೆ ಬರುವ ಮೊದಲ ಪ್ರಶ್ನೆ, 'ಯಾರ ಹತ್ತಿರ ದುಡ್ಡು ತಗೊಂಡಿದ್ದೀರಿ?' ಅಂತ. ನಾನು ತಗೊಂಡಿದ್ದು ಅಪ್ಪನ ಹತ್ತಿರ. ಅಪ್ಪ ತಗೊಂಡಿದ್ದು ಮಂಡಿಯಿಂದ.

ಈಚೆಗೆ ಬೆಳೆಗಾರರ ಸಭೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. 'ಸಂಶೋಧನೆ ಮಾಡಿಸುತ್ತೇವೆ, ಅಡಿಕೆ ಹಾನಿಕರ ಅಲ್ಲ ಅಂತ ಸಾಬೀತು ಮಾಡುತ್ತೇವೆ.' ಭಾರತೀಯ ಕೃಷಿ ಸಂಶೋಧನಾ ಮಂಡಳಿ (ಐಸಿಎಆರ್) ಮೂಲಕ ಕೇಂದ್ರ ಸರ್ಕಾರ ಅಡಿಕೆ ಮತ್ತು ಆರೋಗ್ಯದ ಬಗ್ಗೆ ಅಧ್ಯಯನಕ್ಕೆ ಕೈಹಾಕಿದೆ. ಅದರದೇ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಕಾಸರಗೋಡಿನ ಸಿಪಿಸಿಆರ್‌ಐ ಅದರಲ್ಲಿ ಮುಂದಿದೆ. ಒಳ್ಳೆಯದೇ. ಸಂಶೋಧನೆ ನನಗೂ ಬೇಕು. ನನ್ನ ತಕರಾರು ಇರೋದು ಆ ಮಾತಿನ ಉಳಿದರ್ಧದ ಬಗ್ಗೆ. ಉತ್ತರ ಮೊದಲೇ ಬರೆದಿಟ್ಟಿದ್ದರೆ ಪ್ರಯೋಗದ ಹೆಸರಲ್ಲಿ ಇಲಿಗಳು ಯಾಕೆ ಸಾಯಬೇಕು?

ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಬಂದಿದ್ದ. ಇಪ್ಪತ್ತಾರು ವರ್ಷ, ಬೈಕ್ ರಿಪೇರಿ ಕೆಲಸ. 'ಸಾರಿನ ಖಾರ ತಡೆಯೋಕೆ ಆಗ್ತಿಲ್ಲ ಡಾಕ್ಟ್ರೇ, ಬಾಯೆಲ್ಲ ಉರಿ' ಅಂದ. ಬಾಯಿ ಬಿಡು ಅಂದೆ. 'ಬಿಟ್ಟಿದೀನಲ್ಲ' ಅಂದ! ನಮ್ಮಲ್ಲಿ ಒಂದು ಸುಲಭದ ಪರೀಕ್ಷೆ ಇದೆ. ನಿಮ್ಮದೇ ಕೈಯ ಮೂರು ಬೆರಳು ಜೋಡಿಸಿ, ಮೇಲಿನ ಹಲ್ಲು ಕೆಳಗಿನ ಹಲ್ಲಿನ ಮಧ್ಯೆ ನೆಟ್ಟಗೆ ನಿಲ್ಲಿಸಿ ನೋಡಿ. ಸಾಮಾನ್ಯವಾಗಿ ಸಲೀಸಾಗಿ ಹೋಗುತ್ತವೆ. ಅವನಿಗೆ ಒಂದೂವರೆ ಬೆರಳು ಹೋಯಿತು. ಟಾರ್ಚ್ ಹಾಕಿದರೆ ಕೆನ್ನೆಯ ಒಳಗೋಡೆ ಕೆಂಪು ಕಳೆದುಕೊಂಡು ಬಿಳುಚಿಕೊಂಡಿತ್ತು. ಬೆರಳಿನಲ್ಲಿ ಸವರಿದರೆ ಚರ್ಮದಡಿ ಹಗ್ಗದ ಎಳೆಗಳ ಹಾಗೆ ಸಿಗುತ್ತಿತ್ತು. ನಾಲಿಗೆ ಹೊರಗೆ ಚಾಚು ಅಂದರೆ ತುಟಿ ದಾಟಲಿಲ್ಲ.

'ತಂಬಾಕು ಮುಟ್ಟಿಲ್ಲ, ಅಮ್ಮನ ಆಣೆ' ಅಂದ. ನಿಜವೇ ಇರಬೇಕು. ಹೈಸ್ಕೂಲಿನಿಂದ ತಿನ್ನುತ್ತಿದ್ದುದು ಬರೀ ಪಾನ್ ಮಸಾಲ, ಅಂದರೆ ಹೆಚ್ಚುಪಾಲು ಅಡಿಕೆ ಚೂರೇ. ದಿನಕ್ಕೆ ಹದಿನೈದು ಪೊಟ್ಟಣ. ಅದರಲ್ಲಿ ತಂಬಾಕು ಇಲ್ಲ ಅಂತ ಪೊಟ್ಟಣದ ಮೇಲೇ ಬರೆದಿರುತ್ತದಲ್ವಾ!

ಇದಕ್ಕೆ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರೆ. ಕೆನ್ನೆಯೊಳಗಿನ ಮೆತ್ತನೆ ಪದರ ನಾರುಗಟ್ಟುವ ಕಾಯಿಲೆ. ಅಡಿಕೆಯಲ್ಲಿರುವ ಅರಿಕೋಲಿನ್ ಅನ್ನೋ ಅಂಶ ಅಲ್ಲಿನ ಜೀವಕೋಶಗಳನ್ನು ಕೆಣಕಿ ಕೊಲಾಜೆನ್ ಎಳೆಗಳನ್ನು ಜಾಸ್ತಿ ಹೊಸೆಯುವಂತೆ ಮಾಡುತ್ತದೆ. ಅಡಿಕೆಯಲ್ಲಿ ತಾಮ್ರವೂ ಹೆಚ್ಚು. ಹೊಸೆದ ಎಳೆಗಳನ್ನು ಬಿಗಿಯಾಗಿ ಹೆಣೆಯುವ ಕಿಣ್ವಕ್ಕೆ ಬೇಕಾಗೋದು ಅದೇ ತಾಮ್ರ. ಹೆಣೆದದ್ದು ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಇಂಜೆಕ್ಷನ್ ಕೊಡುತ್ತೇವೆ, ಬಾಯಿ ಹಿಗ್ಗಿಸುವ ವ್ಯಾಯಾಮ ಹೇಳಿಕೊಡುತ್ತೇವೆ, ತೀರಾ ಆದರೆ ಕೊಯ್ದು ಬಿಡಿಸುತ್ತೇವೆ. ಪೂರ್ತಿ ವಾಸಿ ಮಾಡುವ ಮದ್ದು ನಮ್ಮ ಹತ್ತಿರ ಇಲ್ಲ. ಎರ್ನಾಕುಲಂ ಜಿಲ್ಲೆಯಲ್ಲಿ ಈ ಕಾಯಿಲೆಯ 66 ಜನರನ್ನು 17 ವರ್ಷ ಬೆನ್ನುಹತ್ತಿ ನೋಡಿದ ಅಧ್ಯಯನ ಇದೆ. ಅವರಲ್ಲಿ 5 ಜನಕ್ಕೆ ಬಾಯಿ ಕ್ಯಾನ್ಸರ್ ಬಂತು. ಇದು 1985ರಲ್ಲೇ ಅಚ್ಚಾದ ಮಾತು.

'ತಪ್ಪೆಲ್ಲ ತಂಬಾಕಿನದು, ಅಡಿಕೆ ಪಾಪದ್ದು' ಅಂತ ನೀವೂ ಭಾಷಣದಲ್ಲಿ ಹೇಳಿದ್ದೀರಿ. ತಮಾಷೆ ಅಂದರೆ, ಒಂದು ಕಾಲಕ್ಕೆ ವಿಜ್ಞಾನಿಗಳೂ ಹೆಚ್ಚುಕಮ್ಮಿ ಹಾಗೇ ಹೇಳುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 1985ರಲ್ಲಿ ತಂಬಾಕು ಹಾಕಿದ ಕವಳದಿಂದ (ಎಲೆ, ಅಡಿಕೆ, ಸುಣ್ಣ ಸೇರಿಸಿ ಜಗಿಯುವುದು) ಕ್ಯಾನ್ಸರ್ ಬರುತ್ತದೆ ಅಂದಿತು. ತಂಬಾಕು ಇಲ್ಲದ ಕವಳದ ಬಗ್ಗೆ ಸಾಕಷ್ಟು ಪುರಾವೆ ಇಲ್ಲ ಅಂತ ಬಿಟ್ಟಿತು. ಆಮೇಲೆ ತೈವಾನಿನಿಂದ ಅಧ್ಯಯನಗಳು ಬಂದವು. ಅಲ್ಲಿಯವರು ಅಡಿಕೆಗೆ ಸುಣ್ಣ ಹಚ್ಚುತ್ತಾರೆ, ಎಲೆ ಸುತ್ತುತ್ತಾರೆ, ತಂಬಾಕು ಮಾತ್ರ ಹಾಕುವುದಿಲ್ಲ. ಆದರೂ ಬಾಯಿ ಕ್ಯಾನ್ಸರ್ ಜೋರಾಗಿತ್ತು. 2003ರಲ್ಲಿ ಐಎಆರ್‌ಸಿ ಮತ್ತೆ ಸಭೆ ಸೇರಿ ಅಡಿಕೆಯನ್ನೇ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದ ವಸ್ತುಗಳ ಗುಂಪಿಗೆ ಸೇರಿಸಿತು. ಆ ಸಭೆಯಲ್ಲಿ ಭಾರತದ ವಿಜ್ಞಾನಿಗಳೂ ಕೂತಿದ್ದರು. ಇದೆಲ್ಲ ಅಡಿಕೆಯ ವಿರುದ್ಧದ ಪಿತೂರಿ ಅನ್ನುವವರಿದ್ದಾರೆ. ಪಿತೂರಿ ಮಾಡುವವರು ಹದಿನೆಂಟು ವರ್ಷ ಕಾಯುತ್ತಾರಾ ಹೇಳಿ.

ಬೆಳೆಗಾರರ ಸಿಟ್ಟಿನಲ್ಲೂ ಒಂದು ನ್ಯಾಯ ಇದೆ, ಅದನ್ನೂ ಹೇಳಬೇಕು. ಮೊದಲ ಗುಂಪು ಅಂದರೆ 'ಇಷ್ಟು ಅಪಾಯ' ಅನ್ನೋ ಅಳತೆ ಅಲ್ಲ. ಎಷ್ಟು ಖಾತ್ರಿ ಅನ್ನೋದಷ್ಟೇ. ಬಿಸಿಲೂ ಅದೇ ಗುಂಪಿನಲ್ಲಿದೆ, ಸಿಗರೇಟೂ ಅದೇ ಗುಂಪಿನಲ್ಲಿದೆ. ಊಟ ಆದಮೇಲೆ ಒಂದು ಕವಳ ಹಾಕಿ ಉಗಿದು ಬಾಯಿ ತೊಳೆಯುತ್ತಿದ್ದ ನಮ್ಮಜ್ಜಿಯನ್ನೂ ಹದಿನೈದು ಪೊಟ್ಟಣದ ಹುಡುಗನನ್ನೂ ಒಂದೇ ತಕ್ಕಡಿಯಲ್ಲಿ ಕೂರಿಸೋಕೆ ಆಗಲ್ಲ. ಅಜ್ಜಿ ಎಂಬತ್ತೆಂಟು ವರ್ಷ ಗಟ್ಟಿಯಾಗಿ ಬದುಕಿದಳು. ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ತಮ್ಮ ಅಜ್ಜಿಯನ್ನು ಎಬ್ಬಿಸಿ ತರುತ್ತಾರೆ. ಸರಿ. ಬೀಡಿ ಸೇದಿ ತೊಂಬತ್ತು ದಾಟಿದ ಅಜ್ಜಂದಿರೂ ನಮ್ಮೂರಲ್ಲಿ ಇದ್ದರು.

ಅಂದಹಾಗೆ, ಅಡಿಕೆ ಬರೀ ಜಗಿಯುವ ಕಾಯಿ ಅಲ್ಲ, ಮೈಮೇಲೆ ಕೆಲಸ ಮಾಡುವ ಪದಾರ್ಥ ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು. ಅಡಿಕೆ ಸೊಕ್ಕುವುದು ಅಂತ ಮಾತೇ ಇದೆಯಲ್ಲ. ಏಳನೇ ಕ್ಲಾಸಿನಲ್ಲಿ ಅಡಿಕೆ ಸುಲಿಯುವವರ ಜೊತೆ ಕೂತು ಒಂದು ಹೋಳು ಜಗಿದು ನುಂಗಿದ್ದೆ. ಕಿವಿ ಬಿಸಿಯಾಯಿತು, ಎದೆ ಹೊಡೆದುಕೊಂಡಿತು, ಬೆವರು ಧಾರೆ. ಅಜ್ಜಿ ಬೈದುಕೊಂಡೇ ಮಜ್ಜಿಗೆ ಕುಡಿಸಿದಳು. ಅದೆಲ್ಲ ಅರಿಕೋಲಿನ್ ಮಹಿಮೆ. ನಾಯಿಗಳ ಹೊಟ್ಟೆಯ ಲಾಡಿಹುಳ ಇಳಿಸೋಕೆ ಇದನ್ನೇ ಬಹಳ ಕಾಲ ಮದ್ದಾಗಿ ಕೊಡುತ್ತಿದ್ದರು.

ಈಗ ಇಲಿಯ ವಿಷಯಕ್ಕೆ ಬರುತ್ತೇನೆ. ನಿಮಗೆ ಪತ್ರ ಬರೆಯೋಕೆ ಕೂತಿದ್ದೇ ಇದಕ್ಕೆ.

ಇಲಿಯೂ ನಮ್ಮ ಹಾಗೆ ಸಸ್ತನಿ. ಅದರ ಜೀವಕೋಶ ಕೆಟ್ಟುಹೋಗುವ ದಾರಿ ನಮ್ಮದಕ್ಕೆ ಹತ್ತಿರ. ಅದಕ್ಕೇ ಕ್ಯಾನ್ಸರ್ ಸಂಶೋಧನೆಯಲ್ಲಿ ಅದನ್ನು ಬಳಸುತ್ತಾರೆ. ಆದರೆ ಇಲಿ ಕವಳ ಹಾಕಲ್ಲ. ಅಡಿಕೆಯನ್ನು ಅದಕ್ಕೆ ಹೇಗೆ ಕೊಡುತ್ತೀರಿ ಅನ್ನೋದರ ಮೇಲೆ ಉತ್ತರ ನಿಂತಿದೆ. ಅಡಿಕೆ ಕಷಾಯ ಮಾಡಿ ಕೊಳವೆಯಲ್ಲಿ ಸೀದಾ ಹೊಟ್ಟೆಗೆ ಬಿಟ್ಟರೆ ಕೆನ್ನೆಗೆ ಅಡಿಕೆ ತಾಗೋದೇ ಇಲ್ಲ. ಮೂರು ತಿಂಗಳು ಹಾಗೆ ಕೊಟ್ಟು, 'ಬಾಯಲ್ಲಿ ಏನೂ ಆಗಿಲ್ಲ' ಅಂತ ಬರೆದರೆ ಅದು ಸುಳ್ಳಾಗಲ್ಲ. ಉಪಯೋಗಕ್ಕೂ ಬರಲ್ಲ. ನಮ್ಮ ಜನ ಅಡಿಕೆಯನ್ನು ದವಡೆಯ ಸಂದಿಯಲ್ಲಿ ಒತ್ತಿಟ್ಟುಕೊಳ್ಳುತ್ತಾರೆ, ಗಂಟೆಗಟ್ಟಲೆ, ವರ್ಷಗಟ್ಟಲೆ.

ಹ್ಯಾಮ್‌ಸ್ಟರ್ ಅನ್ನೋ ಪುಟ್ಟ ಪ್ರಾಣಿಯನ್ನು ಹಳೆಯ ಸಂಶೋಧಕರು ಆರಿಸಿಕೊಂಡಿದ್ದು ಇದಕ್ಕೇ. ಅದಕ್ಕೆ ಎರಡೂ ಕೆನ್ನೆಯೊಳಗೆ ಚೀಲ ಇರುತ್ತದೆ, ಕಾಳು ತುಂಬಿಟ್ಟುಕೊಳ್ಳೋಕೆ. ಅಡಿಕೆಯ ಸಾರವನ್ನು ಆ ಚೀಲಕ್ಕೆ ಹಚ್ಚಿ ನೋಡಿದರು. ಪ್ರಾಣಿಗಳಲ್ಲೂ ಅಡಿಕೆ ಕ್ಯಾನ್ಸರ್ ತರುತ್ತದೆ ಅನ್ನೋದಕ್ಕೆ ಸಾಕಷ್ಟು ಪುರಾವೆ ಇದೆ ಅಂತ ಐಎಆರ್‌ಸಿ ಹೇಳುವಾಗ ಇಂಥ ಪ್ರಯೋಗಗಳೂ ಲೆಕ್ಕದಲ್ಲಿದ್ದವು.

ಇನ್ನೊಂದು ಮಾತು ವಾಟ್ಸಾಪಿನಲ್ಲಿ ಓಡಾಡುತ್ತದೆ. 'ಅಡಿಕೆ ಸಾರ ಕ್ಯಾನ್ಸರ್ ಕೋಶಗಳನ್ನೇ ಕೊಲ್ಲುತ್ತದೆ!' ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿದರೂ ಸಾಯುತ್ತವೆ. ಹಾಗಂತ ಅದನ್ನು ಹರಿವಾಣದಲ್ಲಿ ಎಲೆಯ ಜೊತೆ ಇಟ್ಟು ಕೊಡುತ್ತೇವಾ?

ಅದಕ್ಕೇ ನನ್ನ ಬೇಡಿಕೆ ಇಷ್ಟೇ. ಅಧ್ಯಯನ ಶುರುವಾಗುವ ಮುಂಚೆಯೇ ಪ್ರಶ್ನೆ ಏನು, ವಿಧಾನ ಏನು ಅಂತ ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಿ. ಪ್ರಯೋಗಾಲಯದ ಬಾಗಿಲು ಕಾಯುವ ಕೆಲಸ ಬೆಳೆಯ ಇಲಾಖೆಯೊಂದಕ್ಕೇ ಬಿಡಬೇಡಿ. ಕ್ಯಾನ್ಸರ್ ಆಸ್ಪತ್ರೆಯವರು, ಬಾಯಿ ನೋಡುವ ಡಾಕ್ಟರುಗಳು ಕೂತಿರಲಿ. ಫಲಿತಾಂಶ ಸಿಹಿಯಾದರೂ ಕಹಿಯಾದರೂ ಪೂರ್ತಿ ಹೊರಬರಲಿ. 'ಹಾನಿಕರ ಅಲ್ಲ' ಅಂತ ಸಾಬೀತು ಮಾಡುವ ಗುತ್ತಿಗೆ ಕೊಟ್ಟರೆ ಹೊರಗಿನ ಒಬ್ಬ ವಿಜ್ಞಾನಿಯೂ ನಂಬಲ್ಲ. ಆ ವರದಿ ಹಿಡಿದು ಕೋರ್ಟಿಗೆ ಹೋದರೆ ಎದುರಿನ ವಕೀಲ ಹತ್ತು ನಿಮಿಷದಲ್ಲಿ ಹರಿದು ಹಾಕುತ್ತಾನೆ. ಆಗ ಮುಳುಗುವವನು ಬೆಳೆಗಾರ.

ಕೇಳಬೇಕಾದ ಪ್ರಶ್ನೆಗಳು ಇಲ್ಲ ಅಂತಲ್ಲ, ರಾಶಿ ಇವೆ. ನಾವು ಮಲೆನಾಡಿನವರು ಹಸಿ ಅಡಿಕೆ ಸುಲಿದು, ಚೊಗರು (ಅಡಿಕೆ ಬೇಯಿಸಿ ಉಳಿದ ಗಟ್ಟಿ ಕೆಂಪು ನೀರು) ಹಾಕಿ ಬೇಯಿಸಿ ಕೆಂಪಡಿಕೆ ಮಾಡುತ್ತೇವೆ. ಕರಾವಳಿಯವರು ಗೋಟು, ಅಂದರೆ ಹಣ್ಣಾದ ಅಡಿಕೆ, ಒಣಗಿಸಿ ಚಾಲಿ ಮಾಡುತ್ತಾರೆ. ಬೇಯಿಸಿದಾಗ ಅರಿಕೋಲಿನ್ ಸ್ವಲ್ಪ ಇಳಿಯುತ್ತದೆ. ಆ ಇಳಿಕೆ ಕೆನ್ನೆಯ ಮಟ್ಟಿಗೆ ಏನಾದರೂ ವ್ಯತ್ಯಾಸ ಮಾಡುತ್ತದಾ? ಕೊಳೆ ರೋಗಕ್ಕೆ ಅಂತ ವರ್ಷಕ್ಕೆ ಎರಡು ಮೂರು ಸಲ ಮೈಲುತುತ್ತ, ಸುಣ್ಣ ಕಲಸಿ ಗೊನೆಗೆ ಹೊಡೆಯುತ್ತೇವೆ. ಮೈಲುತುತ್ತ ಅಂದರೆ ತಾಮ್ರವೇ. ಅದರಲ್ಲಿ ಎಷ್ಟು ಸಿಪ್ಪೆಯಲ್ಲೇ ಉಳಿಯುತ್ತದೆ, ಎಷ್ಟು ಅಡಿಕೆಯೊಳಗೆ ಇಳಿಯುತ್ತದೆ? ಒಂದೇ ಊರಿನಲ್ಲಿ ಅಷ್ಟೇ ಅಡಿಕೆ ತಿಂದ ಇಬ್ಬರಲ್ಲಿ ಒಬ್ಬನ ಬಾಯಿ ಮಾತ್ರ ಯಾಕೆ ಕಟ್ಟಿಕೊಳ್ಳುತ್ತದೆ? ಎಲ್ಲಕ್ಕಿಂತ ಜಾಸ್ತಿ, ಕಟ್ಟಿದ ಬಾಯಿ ಬಿಡಿಸುವ ಮದ್ದು ಯಾವುದು? ಪೇಟೆಂಟು ಮಾಡಿ ಲಾಭ ಕಾಣುವ ದೊಡ್ಡ ಕಂಪನಿಗಳಿಗೆ ಇದು ಬೇಡವಾದ ಕಾಯಿಲೆ. ಬಡವರ, ಏಷ್ಯಾದವರ ಕಾಯಿಲೆ. ನಾವೇ ಹುಡುಕಬೇಕು. ಅಡಿಕೆಯಲ್ಲಿ ದುಡಿದ ದೇಶವೇ ಹುಡುಕಿತು ಅಂದರೆ ಎಷ್ಟು ಚೆಂದ.

ಸಂಶೋಧನೆ ಮುಗಿಯೋವರೆಗೆ ಸುಮ್ನೆ ಕೂರಬೇಕಾಗಿಯೂ ಇಲ್ಲ. 1996ರಲ್ಲಿ ತಿರುವನಂತಪುರದ ಸುತ್ತಮುತ್ತಲಿನ 13 ಪಂಚಾಯ್ತಿಗಳಲ್ಲಿ ಒಂದು ಪ್ರಯೋಗ ಶುರುವಾಯಿತು. ದೊಡ್ಡ ಮೆಷಿನ್ನು ಏನೂ ಇಲ್ಲ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ತೆರೆಸಿ ಬೆಳಕು ಹಾಕಿ ನೋಡಿದರು. ಅನುಮಾನ ಬಂದವರನ್ನು ಡಾಕ್ಟರ ಹತ್ತಿರ ಕಳಿಸಿದರು. ತಂಬಾಕು, ಕುಡಿತದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು 34% ಕಡಿಮೆಯಾಯಿತು. 2005ರಲ್ಲಿ ಈ ಫಲಿತಾಂಶ ಬಂದಾಗ ಜಗತ್ತೇ ತಿರುಗಿ ನೋಡಿತು. ತೈವಾನಿನವರು ಅಡಿಕೆ ತಿನ್ನುವವರಿಗೆ ಎರಡು ವರ್ಷಕ್ಕೊಮ್ಮೆ ಪುಕ್ಕಟೆ ಬಾಯಿ ತಪಾಸಣೆ ಇಟ್ಟಿದ್ದಾರೆ. ಕೇರಳ ನಮಗೆ ಒಂದು ಘಟ್ಟದಾಚೆ ಅಷ್ಟೇ.

ಇನ್ನೊಂದೇ ಒಂದು ಅಂಕಿ ಕೊಡುತ್ತೇನೆ. 2022ರಲ್ಲಿ ಭಾರತದಲ್ಲಿ ಹೊಗೆರಹಿತ ತಂಬಾಕು ಮತ್ತು ಅಡಿಕೆಯಿಂದ ಬಂದ ಬಾಯಿ ಕ್ಯಾನ್ಸರ್ ಪ್ರಕರಣಗಳು ಸುಮಾರು 83,400. ಐಎಆರ್‌ಸಿಯವರು 2024ರಲ್ಲಿ ಕೊಟ್ಟ ಅಂದಾಜು ಇದು. ಇದರಲ್ಲಿ ಅಡಿಕೆಯ ಪಾಲು ಎಷ್ಟು, ತಂಬಾಕಿನದೆಷ್ಟು ಅಂತ ಜಗಳ ಆಡಬಹುದು. ನಾನು ಆಡಲ್ಲ. ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧ ಆದ ಮೇಲೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಅಂತ ಬೇರೆ ಬೇರೆ ಮಾಡಿ ಒಂದೇ ಅಂಗಡಿಯಲ್ಲಿ ತೂಗುಹಾಕಿದರು. ಎರಡನ್ನೂ ಅಂಗೈಯಲ್ಲಿ ತಿಕ್ಕಿ ಒಟ್ಟಿಗೆ ಬಾಯಿಗೆ ಹಾಕುವವರನ್ನು ನೀವೂ ಬಸ್‌ಸ್ಟ್ಯಾಂಡಿನಲ್ಲಿ ನೋಡಿರುತ್ತೀರಿ.

ಇನ್ನು ತೋಟದ ಮಾತು. ನಮ್ಮದು ಎರಡೂಕಾಲು ಎಕರೆ. ಎಲೆಚುಕ್ಕಿ ರೋಗ ಬಂದು ಹೋದ ವರ್ಷ ಅರ್ಧ ಫಸಲು ಹೋಯಿತು. ಶೃಂಗೇರಿ, ಸುಳ್ಯದ ಕಡೆ ಹಳದಿ ಎಲೆ ರೋಗದಿಂದ ತೋಟಕ್ಕೆ ತೋಟವೇ ಹೋಗಿರುವುದು ನಿಮಗೆ ಗೊತ್ತೇ ಇದೆ. 'ಅಡಿಕೆ ಕಡಿಯಿರಿ' ಅಂತ ಬೆಂಗಳೂರಿನಲ್ಲಿ ಕೂತು ಬರೆಯುವವರ ಮೇಲೆ ನನಗೂ ಸಿಟ್ಟು ಬರುತ್ತದೆ. ಗದ್ದೆ, ಬಯಲು, ಕೊನೆಗೆ ಚಾನೆಲ್ ನೀರು ಸಿಗುವ ಕಡೆಯೆಲ್ಲ ಅಡಿಕೆ ಹಾಕಿಸಿಕೊಂಡು ಈಗ ರೈತನಿಗೆ ಬುದ್ಧಿ ಹೇಳಿದರೆ ಹೇಗೆ? ಆದರೆ ಇನ್ನು ಮೂವತ್ತು ವರ್ಷ ಇದೊಂದೇ ಬೆಳೆ ನೆಚ್ಚಿ ಕೂತಿರಿ, ಏನೂ ಆಗಲ್ಲ ಅನ್ನುವವರು ಅವರಿಗಿಂತ ಅಪಾಯ. ನಮ್ಮಪ್ಪನಿಗೆ ಬೇಕಾಗಿರುವುದು ಸಮಾಧಾನದ ಮಾತಲ್ಲ. ಮರದ ಬುಡಕ್ಕೆ ಮೆಣಸು, ಕಾಫಿ, ಏಲಕ್ಕಿ ಹಬ್ಬಿಸೋಕೆ ಸಹಾಯ, ರೋಗಕ್ಕೆ ಮದ್ದು, ಮಾರುಕಟ್ಟೆ ಬಿದ್ದರೆ ಹಿಡಿದುಕೊಳ್ಳೋಕೆ ಒಂದು ಕೈ.

ಆ ಬೈಕ್ ಹುಡುಗ ಈಗಲೂ ತಿಂಗಳಿಗೊಮ್ಮೆ ಬರುತ್ತಾನೆ. ಪೊಟ್ಟಣ ಬಿಟ್ಟಿದ್ದಾನೆ. ಐಸ್‌ಕ್ರೀಮ್ ಕಡ್ಡಿಗಳನ್ನು ಹಲ್ಲಿನ ಮಧ್ಯೆ ಒಂದೊಂದಾಗಿ ಸೇರಿಸುತ್ತ ಬಾಯಿ ಹಿಗ್ಗಿಸುವ ವ್ಯಾಯಾಮ ಮಾಡುತ್ತಾನೆ. ಹತ್ತು ಕಡ್ಡಿಯಿಂದ ಹದಿಮೂರಕ್ಕೆ ಬಂದಿದ್ದಾನೆ. ಇಷ್ಟಾಗೋಕೆ ಎಂಟು ತಿಂಗಳು ಹಿಡಿಯಿತು.

ದೆಹಲಿಗೆ ಹೋದಾಗ ಆ ಸಂಶೋಧನೆಯ ಯೋಜನಾ ವರದಿಯ ಒಂದು ಪ್ರತಿ ತರಿಸಿ ಕೊಡಿ. ಪೂರ್ತಿ ಬೇಡ. ಇಲಿಗೆ ಅಡಿಕೆ ಹೇಗೆ ಕೊಡುತ್ತಾರೆ ಅಂತ ಬರೆದಿರುವ ಪುಟ ಸಾಕು.

ಇತಿ,
ನಿಮ್ಮ ಕ್ಷೇತ್ರದ ಮತದಾರಳು,
ಒಬ್ಬ ಹಲ್ಲಿನ ಡಾಕ್ಟರು