ಟ್ರೈಪಾಡ್ ಹಗುರವಿದ್ದರೆ ಸಾಕೇ?

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಪ್ರವಾಸ ಹೊರಡುವ ಫೋಟೊ ಹವ್ಯಾಸಿಗಳಿಗೆ ಕೊಟ್ಟ ಸಲಹೆಗಳನ್ನು ಓದಿದೆ. ಎಲ್ಲವೂ ಸರಿ, ಒಂದು ಮಾತು ಬಿಟ್ಟು. ಕ್ಯಾಮೆರಾ ಅಲುಗದಂತೆ ನಿಲ್ಲಿಸುವ ಮೂರು ಕಾಲಿನ ಟ್ರೈಪಾಡ್, ಸಿಗುವುದರಲ್ಲೇ ಅತಿ ಹಗುರದ್ದು ತೆಗೆದುಕೊಳ್ಳಿ ಅಂತ ಬರೆದಿದ್ದೀರಿ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ ಅಂತ ಹೇಳಲಿಕ್ಕೇ ಈ ಪತ್ರ.

ನಾನು ಕಾಸರಗೋಡು ಕಡೆಯ ಕುಂಬಳೆಯವನು. ಕಾರಿಲ್ಲ, ಬಸ್ಸು ರೈಲಿನಲ್ಲೇ ಓಡಾಟ. ಬೆನ್ನಿಗೆ ಬೀಳುವ ಒಂದೊಂದು ಗ್ರಾಮೂ ನನಗೆ ಲೆಕ್ಕವೇ. ಅದಕ್ಕೇ ಮೊದಲು ಕೊಂಡದ್ದು 800 ಗ್ರಾಮಿನ ಟ್ರೈಪಾಡ್. ಪೆಟ್ಟಿಗೆಯ ಮೇಲೆ ಐದಡಿ ಎತ್ತರ ಅಂತಿತ್ತು, ಮಡಚಿದರೆ ಸಣ್ಣ ಕೊಡೆಯಷ್ಟು. ಇನ್ನೇನು ಬೇಕು ಅನಿಸಿತ್ತು. ಒಂದು ಸಂಜೆ ಬೇಕಲ ಕೋಟೆಯ ಪಕ್ಕದ ಕಡಲ ಬದಿಯಲ್ಲಿ ಅದನ್ನು ಪೂರ್ತಿ ಎತ್ತರಿಸಿ ನಿಲ್ಲಿಸಿದೆ. ಸೂರ್ಯ ಮುಳುಗಿ, ಕೋಟೆ ಕಪ್ಪಾಗಿ, ಆಕಾಶ ಇನ್ನೂ ಕೆಂಪಿರುವ ಹೊತ್ತು. ಅಲೆ ಹಾಲಿನ ಹಾಗೆ ಹರಡಲಿ ಅಂತ ಶಟರ್ 4 ಸೆಕೆಂಡು ತೆರೆದೇ ಇರುವ ಹಾಗೆ ಇಟ್ಟು ಮೂವತ್ತಕ್ಕೂ ಜಾಸ್ತಿ ಫೋಟೊ ತೆಗೆದೆ. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಎಲ್ಲ ಚೆನ್ನಾಗೇ ಕಂಡಿತು. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಗೋಡೆಯ ಅಂಚೆಲ್ಲ ಎರಡೆರಡು. ಒಂದೂ ಉಳಿಯಲಿಲ್ಲ. ಕಡಲ ಗಾಳಿಗೆ ಆ ಸಣಕಲು ಕಾಲುಗಳು ಅಷ್ಟು ಹೊತ್ತೂ ನಡುಗುತ್ತಲೇ ಇದ್ದವು. ಆ ಬಣ್ಣದ ಸಂಜೆ ನನಗೆ ಮತ್ತೆ ಸಿಕ್ಕಿಲ್ಲ, ಈಗಲೂ ಬೇಸರವಿದೆ.

ಟ್ರೈಪಾಡನ್ನು ಹಗುರ ಮಾಡಲಿಕ್ಕೆ ಸುಲಭದ ದಾರಿ ಎರಡು. ಕಾಲು ಸಪೂರ ಮಾಡಬಹುದು, ಇಲ್ಲವೇ ಎತ್ತರ ಕಡಿಮೆ ಮಾಡಬಹುದು. ನಾವು ಎತ್ತರ ಬಿಟ್ಟುಕೊಡಬೇಕು, ಕಾಲಿನ ದಪ್ಪ ಬಿಡಬಾರದು. ಒಂದರೊಳಗೆ ಒಂದು ಸೇರುವ ಐದು ತುಂಡಿನ ಕಾಲಾದರೆ ಕೊನೆಯ ತುಂಡು ಪೆನ್ಸಿಲಿನಷ್ಟು ಸಪೂರ ಆಗಿಬಿಡುತ್ತದೆ, ಮೂರೋ ನಾಲ್ಕೋ ತುಂಡಿನದು ಗಟ್ಟಿ. ಪೆಟ್ಟಿಗೆಯ ಮೇಲಿನ ಎತ್ತರವನ್ನೂ ನಂಬಬೇಡಿ. ಸಾಮಾನ್ಯವಾಗಿ ಅದು ಸೆಂಟರ್ ಕಾಲಮ್, ಅಂದರೆ ನಡುವಿನ ಕಂಬವನ್ನು ಮೇಲಕ್ಕೆಳೆದು ಅಳೆದದ್ದು. ಆ ಕಂಬ ಎಳೆದರೆ ಮೂರು ಕಾಲಿನ ಮೇಲೆ ಮತ್ತೊಂದು ಒಂಟಿ ಕಾಲು ನಿಲ್ಲಿಸಿದ ಹಾಗೆ, ನಡುಗುವುದು ಜಾಸ್ತಿ. ಕಂಬ ಇಳಿಸಿಯೇ ಕ್ಯಾಮೆರಾ ಎದೆಮಟ್ಟಕ್ಕೆ ಬಂದರೆ ಸಾಕು. ಈಗಿನ ಎಷ್ಟೋ ಕ್ಯಾಮೆರಾಗಳ ಪರದೆ ಓರೆ ಮಾಡಿ ನೋಡಬಹುದು, ಕಣ್ಣಿನ ಮಟ್ಟಕ್ಕೆ ಬರಬೇಕಾಗಿಯೇ ಇಲ್ಲ ಅಲ್ವಾ?

ಅಂಗಡಿಗೆ ಕ್ಯಾಮೆರಾ ತೆಗೆದುಕೊಂಡೇ ಹೋಗಿ. ಟ್ರೈಪಾಡಿನ ಕಾಲೆಲ್ಲ ಪೂರ್ತಿ ಬಿಡಿಸಿ, ಕ್ಯಾಮೆರಾ ಕೂರಿಸಿ, ಎದುರಿನ ಯಾವುದಾದರೂ ಬೋರ್ಡಿಗೆ ಜೂಮ್ ಮಾಡಿ. ಒಂದು ಕಾಲಿಗೆ ಬೆರಳಲ್ಲಿ ಮೆಲ್ಲಗೆ ತಟ್ಟಿ ಪರದೆ ನೋಡಿ. ಅಕ್ಷರ ತಟ್ಟನೆ ನಿಂತರೆ ಒಳ್ಳೆಯದು, ತೂಗಾಡುತ್ತಲೇ ಇದ್ದರೆ ಬೇಡ. ಅಂಗಡಿಯವರು ಗೊಣಗಿದರೂ ಪರವಾಗಿಲ್ಲ, ದುಡ್ಡು ನಿಮ್ಮದು.

ಹಗುರವೂ ಗಟ್ಟಿಯೂ ಆದ ಕಾರ್ಬನ್ ಫೈಬರಿನ ಟ್ರೈಪಾಡನ್ನೇ ಕೊಳ್ಳಬೇಕಾ ಅಂತ ಹಲವರು ಕೇಳುತ್ತಾರೆ. ಪೀಕ್ ಡಿಸೈನ್ ಕಂಪನಿಯ ಟ್ರಾವೆಲ್ ಟ್ರೈಪಾಡನ್ನೇ ನೋಡಿ. ಕಾರ್ಬನ್ನಿನದು 1.27 ಕೆಜಿ, ಅಲ್ಯೂಮಿನಿಯಂನದು 1.56 ಕೆಜಿ. ಎರಡನ್ನೂ ಮಡಚಿದರೆ ಸುಮಾರು 39 ಸೆಂಟಿಮೀಟರ್, ಬೆನ್ನಚೀಲದೊಳಗೇ ನಿಲ್ಲುತ್ತದೆ. ವ್ಯತ್ಯಾಸ 290 ಗ್ರಾಂ, ಅರ್ಧ ಲೀಟರ್ ನೀರಿನಷ್ಟೂ ಇಲ್ಲ. ಬೆಲೆಯ ವ್ಯತ್ಯಾಸ ಮಾತ್ರ ತುಂಬಾ ಜಾಸ್ತಿ. ಮೊದಲ ಸಲ ಕೊಳ್ಳುವವರಿಗೆ ಒಂದೂವರೆ ಕಿಲೋದ ಒಳ್ಳೆಯ ಅಲ್ಯೂಮಿನಿಯಂ ಸಾಕು ಅಂತ ನನ್ನ ಅಭಿಪ್ರಾಯ. ನಾನೀಗ ಒಯ್ಯುವುದೂ ಅಂಥದ್ದೇ, ಪೊಸಡಿಗುಂಪೆ ಗುಡ್ಡೆ ಹತ್ತುವಾಗಲೂ ಭಾರ ಅನಿಸಿಲ್ಲ. ಗಾಳಿ ಇದ್ದರೆ ಚೀಲವನ್ನು ನಡುವಿನ ಕಂಬದ ಕೆಳಗಿನ ಕೊಕ್ಕೆಗೆ ನೇತು ಹಾಕುತ್ತೇನೆ. ಚೀಲದ ತಳ ನೆಲಕ್ಕೆ ತಾಗಿರಬೇಕು, ಇಲ್ಲದಿದ್ದರೆ ಅದೇ ಉಯ್ಯಾಲೆಯಾಡಿ ಟ್ರೈಪಾಡನ್ನೂ ಆಡಿಸುತ್ತದೆ.

ನಮ್ಮ ಕಡೆಯವರಿಗೆ ಉಪ್ಪು, ಹೊಯಿಗೆಯದ್ದೇ (ಮರಳಿನದ್ದೇ) ದೊಡ್ಡ ಕಾಟ. ಕಡಲ ಬದಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಸಪೂರ ತುಂಡನ್ನು ಮೊದಲು ಹೊರಗೆಳೆಯಿರಿ, ಆಗ ಕಾಲಿನ ಲಾಕು ಹೊಯಿಗೆಯಿಂದ ಮೇಲೆ ಇರುತ್ತದೆ. ಮನೆಗೆ ಬಂದ ಕೂಡಲೇ ಕಾಲುಗಳನ್ನು ಸಿಹಿನೀರಿನಲ್ಲಿ ತೊಳೆದು, ಬಿಡಿಸಿಟ್ಟೇ ನೆರಳಲ್ಲಿ ಒಣಗಿಸಿ. ಲಾಕು ತಿರುಗಿಸುವಾಗ ಕರಕರ ಅಂದರೆ ಒಳಗೆ ಹೊಯಿಗೆ ಹೋಗಿದೆ ಅಂತಲೇ ಲೆಕ್ಕ.

ಎಲ್ಲ ಕಡೆಗೂ ಟ್ರೈಪಾಡ್ ಆಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನವರು ನಾವು, ಆಟ ನೋಡದೆ ಇರಲಿಕ್ಕಾಗುವುದಿಲ್ಲ. ಬಯಲಾಟಕ್ಕೆ ಟ್ರೈಪಾಡ್ ತಂದು ಮುಂದೆ ನಿಲ್ಲಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಿಂದೆ ಕೂತ ಅಜ್ಜ ಅಜ್ಜಿಯಂದಿರಿಗೆ ರಂಗಸ್ಥಳ ಕಾಣುವುದಿಲ್ಲ, ಕತ್ತಲಲ್ಲಿ ಮಕ್ಕಳು ಅದರ ಕಾಲಿಗೆ ಎಡವುತ್ತಾರೆ. ಅಷ್ಟು ಮಾಡಿಯೂ ದೊಡ್ಡ ಉಪಯೋಗವಿಲ್ಲ. ಟ್ರೈಪಾಡ್ ನಮ್ಮ ಕೈಯ ನಡುಕ ನಿಲ್ಲಿಸುತ್ತದೆ, ಕುಣಿಯುವ ವೇಷವನ್ನು ನಿಲ್ಲಿಸುವುದಿಲ್ಲ. ಅದಕ್ಕೆ 1/250 ಸೆಕೆಂಡಾದರೂ ವೇಗದ ಶಟರ್ ಬೇಕು. ಕೂತಲ್ಲೇ ಮೊಣಕಾಲ ನಡುವೆ ಹಿಡಿಯುವ ಒಂಟಿ ಕಾಲಿನ ಮೊನೊಪಾಡ್ ಸಾಕು, ರಾತ್ರಿಯಿಡೀ ಲೆನ್ಸಿನ ಭಾರ ಕೈಗೆ ಬೀಳುವುದಿಲ್ಲ.

ಬೇಕಲ ಕೋಟೆಯ ಒಳಗಿನ ವಿಷಯ ಬೇರೆ. ಅದು ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಅಂಥ ಕಡೆ ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು. ಅಲ್ಲಿಗೆ ನಾನು ಒಯ್ಯುವುದು ಹಳೆ ಪ್ಯಾಂಟಿನ ಕಾಲು ಕತ್ತರಿಸಿ ಅಮ್ಮ ಹೊಲಿದುಕೊಟ್ಟ ಚೀಲ, ಅದರೊಳಗೆ ಒಂದು ಕಿಲೋ ಕುಚ್ಚಲಕ್ಕಿ. ಮುರಕಲ್ಲಿನ ಗೋಡೆಯ ಮೇಲಿಟ್ಟು ಕ್ಯಾಮೆರಾವನ್ನು ಮೆಲ್ಲಗೆ ಒತ್ತಿದರೆ ಅಕ್ಕಿ ಸರಿದು ಜಾಗ ಮಾಡಿಕೊಡುತ್ತದೆ, ಕಲ್ಲು ತಾಗಿ ಗೀರು ಬೀಳುವುದಿಲ್ಲ. 2 ಸೆಕೆಂಡಿನ ಟೈಮರ್ ಇಟ್ಟು ಕೈ ತೆಗೆದರಾಯಿತು. ದೂರದ ಊರಿಗೆ ಹೋಗುವಾಗ ಖಾಲಿ ಚೀಲ ಸಾಕು, ಅಕ್ಕಿ ಎಲ್ಲಿ ಬೇಕಾದರೂ ಸಿಗುತ್ತದೆ.

ಮುಂದಿನ ಸಲ ಪುರವಣಿಯಲ್ಲಿ ಟ್ರೈಪಾಡುಗಳ ಪಟ್ಟಿ ಹಾಕುವುದಾದರೆ, ತೂಕದ ಜೊತೆಗೆ ನಡುವಿನ ಕಂಬ ಇಳಿಸಿದಾಗಿನ ಎತ್ತರವನ್ನೂ, ಕಾಲಿಗೆ ಎಷ್ಟು ತುಂಡು ಅನ್ನುವುದನ್ನೂ ದಯವಿಟ್ಟು ಹಾಕಿ.

ಒಬ್ಬ ಓದುಗ, ಕುಂಬಳೆ