ಒಂದು ಪೆಟ್ಟಿಗೆ ಸಾಕು, ನುಗ್ಗೆ ಕಡಿಯಬೇಡ

ಪ್ರಿಯ ಶ್ರೀಧರ,

ಮಡಗಾಂವಿನ ಹೊಸ ಮನೆಗೆ ಹಿತ್ತಿಲಿದೆ, ಅಲ್ಲಿ ಹಕ್ಕಿಗಳಿಗೆ ಸಾಲಾಗಿ ಗೂಡುಪೆಟ್ಟಿಗೆ ತೂಗುಹಾಕುತ್ತೇನೆ ಎಂದು ಬರೆದಿದ್ದೀಯ. ಒಂದು ಸಾಕು ಮಾರಾಯ. ಮಾರ್ಚ್ 20ರ ಗುಬ್ಬಚ್ಚಿ ದಿನಕ್ಕೆಂದು ಕೊಂಡ ಪೆಟ್ಟಿಗೆಗಳು ಖಾಲಿಯೇ ನೇತಾಡುವುದನ್ನು ಇಲ್ಲಿ ಫೋಂಡಾದ ಬಾಲ್ಕನಿಗಳಲ್ಲಿ ನೋಡುತ್ತಲೇ ಇದ್ದೇನೆ. ಪೆಟ್ಟಿಗೆಗೆ ಬರುವುದು ಪೊಟರೆಯಲ್ಲಿ ಮರಿ ಮಾಡುವ ಜಾತಿಗಳು ಮಾತ್ರ: ಗುಬ್ಬಚ್ಚಿ, ಮಡಿವಾಳ, ಗೊರವಂಕ. ಪಿಕಳಾರಕ್ಕೆ ಪೊದೆ ಬೇಕು, ಸೂರಕ್ಕಿಗೆ ತೂಗುವ ತೆಳು ರೆಂಬೆ ಬೇಕು, ಸಿಂಪಿಗ ಎಲೆ ಹೊಲಿದುಕೊಳ್ಳುತ್ತದೆ. ನಿನ್ನ ಸಾಗುವಾನಿ ಮರಗೆಲಸ ಅವಕ್ಕೆ ಯಾತಕ್ಕೆ?

ಆ ಒಂದನ್ನು ಗುಬ್ಬಚ್ಚಿಗೆಂದು ಮಾಡುವುದಾದರೆ ಬಾಯಿ 32 ಮಿಲಿಮೀಟರ್ ಅಗಲವಿರಲಿ. ತೀರಾ ದೊಡ್ಡದಾದರೆ ಗೊರವಂಕ ಯಜಮಾನನಾಗುತ್ತದೆ. ಬಾಯಿಯ ಕೆಳಗೆ ಕೂರುವ ಕಡ್ಡಿ ಬೇಡ, ಅದರ ಲಾಭ ಕಾಗೆಗೆ. ಒಳಗೆ ವಾರ್ನಿಷ್ ಬಳಿಯಬೇಡ. ತಳದಲ್ಲಿ ನೀರಿಳಿಯಲು ಸಣ್ಣ ತೂತುಗಳಿರಲಿ, ಮುಖ ನೈಋತ್ಯಕ್ಕೆ ಬೇಡವೇ ಬೇಡ. ಗದಗಿನವನಿಗೆ ಜೂನ್ ತಿಂಗಳ ಗೋವಾ ಮಳೆ ಯಾವ ದಿಕ್ಕಿನಿಂದ ಹೊಡೆಯುತ್ತದೆಂದು ಹೇಳಲೇಬೇಕಲ್ಲ.

ಈಗ ಮುಖ್ಯ ವಿಷಯ. ಫೋಟೊದಲ್ಲಿ ಬಾವಿಕಟ್ಟೆಯ ಪಕ್ಕ ಅರ್ಧ ಒಣಗಿದ ನುಗ್ಗೆ ಕಂಡಿತು, ಅದನ್ನು ಕಡಿಸುತ್ತೇನೆ ಎಂದಿದ್ದೀಯ. ದಯವಿಟ್ಟು ಬೇಡ. ಕುಟ್ರ ಹಕ್ಕಿ ಪೆಟ್ಟಿಗೆ ಹುಡುಕುವುದಿಲ್ಲ, ಇಂಥ ಮೆದು ಒಣ ಕೊಂಬೆಯನ್ನು ತಾನೇ ಕೊರೆಯುತ್ತದೆ. ನಮ್ಮ ಹಿತ್ತಿಲಲ್ಲಿ ಮೊದಲು ಕಂಡದ್ದು ಹಕ್ಕಿಯಲ್ಲ, ಕೆಸುವಿನ ಎಲೆಯ ಮೇಲೆ ಬಿದ್ದಿದ್ದ ಮರದ ಹುಡಿ. ತಲೆಯೆತ್ತಿದರೆ ಕೊಂಬೆಯ ಅಡಿಭಾಗದಲ್ಲಿ ಬಳೆಯಷ್ಟೇ ದುಂಡಗಿನ ತೂತು, ಅದರಿಂದ ಕೊಕ್ಕಿನ ತುಂಬ ಹುಡಿ ಹಿಡಿದು ಹೊರಚಾಚಿದ ಕೆಂಪು ಹಣೆ. ಕುಟ್ರ ಬಿಟ್ಟುಹೋದ ಪೊಟರೆಗೆ ಆಮೇಲೆ ಬೇರೆ ಬಾಡಿಗೆದಾರರೂ ಬರುತ್ತಾರೆ. ಕೊಂಬೆ ಮನೆಯ ಮೇಲೆ ಬೀಳುವಂತಿದ್ದರೆ ತುದಿ ಮಾತ್ರ ಕತ್ತರಿಸು.

ಮನೆ ಕಟ್ಟಿ ಉಳಿದ ಚಿರೆಕಲ್ಲುಗಳನ್ನು ಲಾರಿಗೆ ಹಾಕಿ ಕಳಿಸಬೇಡ. ಮೂಲೆಯಲ್ಲಿ ಸಂದು ಬಿಟ್ಟು ಪೇರಿಸು, ಮೇಲೆ ತರಗೆಲೆ ಸುರಿ. ಹಾವುರಾಣಿ, ನೆಲಗಪ್ಪೆ ತಾವಾಗಿಯೇ ಬರುತ್ತವೆ. ಕಾಂಪೌಂಡಿಗೆ ಗಾರೆ ಮಾಡಿಸದಿದ್ದರೆ ಮಿಸರಿ ಜೇನೂ ಸಂದು ಹಿಡಿಯಬಹುದು. ಗೋಡೆಯಿಂದ ಹೊರಚಾಚಿದ ಮೇಣದ ಪುಟ್ಟ ಕೊಳವೆ ಕಂಡರೆ ಕೆರೆಯಬೇಡ, ಅವು ಚುಚ್ಚುವುದಿಲ್ಲ.

ಅಂಗಳದಲ್ಲಿ ಎಲೆ ಬಿದ್ದಿದ್ದರೆ ನಿನ್ನ ಅಮ್ಮನಿಗೆ ನಿದ್ದೆ ಬಾರದೆಂದು ಗೊತ್ತು. ಮುಂದಿನ ಅಂಗಳ ಅವರದ್ದು, ಹಿಂದಿನದು ನಿನ್ನದು ಎಂದು ಒಪ್ಪಂದ ಮಾಡಿಕೋ. ಹಾವಿನ ಭಯವೂ ಸುಳ್ಳಲ್ಲ, ಆದ್ದರಿಂದ ಕಲ್ಲಿನ ರಾಶಿ ಅಡುಗೆಮನೆ ಬಾಗಿಲಿನಿಂದ ದೂರವಿರಲಿ. ಅನ್ನ, ಕಾಳು ಚೆಲ್ಲಿದಲ್ಲಿ ಇಲಿ, ಇಲಿ ಇದ್ದಲ್ಲಿ ಕೇರೆ. ಅಷ್ಟಕ್ಕೂ ಅವರು ಒಪ್ಪದಿದ್ದರೆ ಬದನೆಕಾಯಿಯ ಮಾತೆತ್ತು. ಒಣ ಬಿದಿರಿನ ತುಂಡುಗಳನ್ನು ಸೂರಿನಡಿ ಅಡ್ಡಡ್ಡ ಕಟ್ಟಿದರೆ ನೀಲಿ ಮಿಂಚಿನ ರೆಕ್ಕೆಯ ಆ ದೊಡ್ಡ ಕರಿ ದುಂಬಿ ಅದರಲ್ಲಿ ಮನೆ ಮಾಡುತ್ತದೆ. ಬದನೆ ಹೂವನ್ನು ಹಿಡಿದು ಗುಂಯ್‌ಗುಟ್ಟಿ, ಅದುರಿಸಿ ಪರಾಗ ಉದುರಿಸುವ ಕಲೆ ಅದಕ್ಕಿದೆ, ಜೇನುನೊಣಕ್ಕಿಲ್ಲ. ಎಣ್ಣೆಗಾಯಿ ಪ್ರಿಯರಿಗೆ ಇದಕ್ಕಿಂತ ದೊಡ್ಡ ವಾದ ಬೇಕೆ?

ನೀರಿಗೆ ಅಗಲದ ಮಣ್ಣಿನ ತಟ್ಟೆ ಸಾಕು. ಎರಡು ದಿನಕ್ಕೊಮ್ಮೆ ಚೆಲ್ಲಿ ತಿಕ್ಕಿ ತುಂಬಿಸು, ಇಲ್ಲವಾದರೆ ಸೊಳ್ಳೆ ಸಾಕಿದಂತೆ.

ಬರುವ ಭಾನುವಾರ ಬರುತ್ತೇನೆ, ಗರಗಸ ನನ್ನದು, ಜೋಳದ ರೊಟ್ಟಿ ನಿನ್ನದು. ನುಗ್ಗೆ ಕಡಿಯುವವನಿಗೆ ಇವತ್ತೇ ಫೋನ್ ಮಾಡಿ ಬೇಡವೆಂದುಬಿಡು.

ನಿನ್ನ,
ಫೋಂಡಾದ ಗೆಳೆಯ