ನಮ್ಮ ಟ್ರೈಲರ್‌ಗಳ ಸಾಕೆಟ್ಟು, ಹೀಟರ್ ಕಂಟ್ರೋಲು ಎರಡೂ ಬದಲಾಗಿವೆ, ಹೊರಡೋ ಮುಂಚೆ ಓದ್ಕೊಳ್ಳಿ

ಎಲ್ರಿಗೂ ನಮಸ್ಕಾರ,

ಈ ಮಳೆಗಾಲ ಬುಕಿಂಗ್ ಕಮ್ಮಿ ಇದ್ದಿದ್ ನೋಡ್ಕೊಂಡು ನಮ್ಮ ಕ್ಯಾಂಪಿಂಗ್ ಟ್ರೈಲರ್‌ಗಳನ್ನ ಶೆಡ್ಡಿಗೆ ಹಾಕಿ ಒಳಗಿನ ವೈರಿಂಗ್ ಪೂರ್ತಿ ಕೀಳಿಸಿ ಹೊಸದಾಗಿ ಮಾಡ್ಸಿದೀವಿ. ನಾಲ್ಕರಲ್ಲಿ ಮೂರು ರೆಡಿ, ನಾಲ್ಕನೇದರ ಕೆಲಸ ಇನ್ನೂ ನಡೀತಿದೆ, ಅದು ಮುಗಿಯೋವರೆಗೂ ಬಾಡಿಗೆಗೆ ಕೊಡಲ್ಲ. ಮುಂಚೆ ನಮ್ಮ ಗಾಡಿ ತಗೊಂಡು ಹೋಗಿದ್ದೋರಿಗೆ ಈ ಸಲ ಒಳಗೆ ಹೋದ್ರೆ ಸ್ವಿಚ್ಚು ಸಾಕೆಟ್ಟು ಯಾವುದೂ ಹಳೇ ಜಾಗದಲ್ಲಿ ಸಿಗಲ್ಲ, ಅದಕ್ಕೇ ಈ ಪತ್ರ.

ಯಾಕೆ ಮಾಡಿದ್ವಿ ಅಂತ ಮೊದಲು ಹೇಳ್ತೀನಿ. ಹೋದ ಚಳಿಗಾಲದಲ್ಲಿ ಊಟಿಗೆ ಹೋಗಿದ್ದ ಒಂದು ಫ್ಯಾಮಿಲಿ ವಾಪಸ್ ಬಂದಾಗ ಸರ್, ಹಾಸಿಗೆ ಪಕ್ಕದ ಸಾಕೆಟ್ ಹತ್ರ ಸುಟ್ಟ ವಾಸನೆ ಬರ್ತಿತ್ತು ಅಂದ್ರು. ಬಿಚ್ಚಿ ನೋಡಿದ್ರೆ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು, ಒಳಗಡೆ ವೈರ್ ಮೇಲಿನ ಸಿಪ್ಪೆ ಕರಗಿತ್ತು. ಆ ಹಾಸಿಗೆ ಮೇಲೆ ಎರಡು ಮಕ್ಕಳು ಮಲಗಿದ್ರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಗಿದ್ದೇನಂದ್ರೆ, ರಾತ್ರಿ ಮೂರು ಗಂಟೆಗೆ ನಮ್ಮ ಡೀಸೆಲ್ ಹೀಟರ್ ಆಫ್ ಆಗಿದೆ, ಎಷ್ಟು ಸಲ ಆನ್ ಮಾಡಿದ್ರೂ ಹತ್ತಿಲ್ಲ, ಚಳಿ ತಡೀಲಾರದೆ ಅವರು ಎಸ್ಟೇಟ್‌ನೋರ ಹತ್ರ 2000 ವ್ಯಾಟ್‌ನ ರೂಮ್ ಹೀಟರ್ ಕೇಳಿ ತಂದು, ದಪ್ಪ ಪಿನ್ನಿಗೆ ಕನ್ವರ್ಟರ್ ಪಿನ್ ಹಾಕಿ ಮೊಬೈಲ್ ಚಾರ್ಜ್ ಮಾಡೋ ಸಣ್ಣ ಸಾಕೆಟ್ಟಿಗೆ ಚುಚ್ಚಿದಾರೆ. 2000ನ 230 ವೋಲ್ಟಿಂದ ಭಾಗಿಸಿದ್ರೆ 8.7 ಆಂಪ್ ಬರುತ್ತೆ, ಆ ಸಾಕೆಟ್ ತಡೆಯೋದು 6 ಆಂಪ್. ಆಗ ಇದ್ದ ಎಂಸಿಬಿ, ಅಂದ್ರೆ ಕರೆಂಟ್ ಮಿತಿ ಮೀರಿದ್ರೆ ತಾನೇ ಬಿದ್ದು ಲೈನ್ ಕಟ್ ಮಾಡೋ ಸ್ವಿಚ್ಚು, 16 ಆಂಪಿಂದು, ಅದರ ಲೆಕ್ಕಕ್ಕೆ ಎಲ್ಲಾ ಸರಿಯಾಗೇ ಇತ್ತು, ಹಾಗಾಗಿ ಅದು ಬೀಳಲೇ ಇಲ್ಲ.

ಇದರಲ್ಲಿ ಆ ಫ್ಯಾಮಿಲಿದು ತಪ್ಪು ಅಂತ ನಾನು ಹೇಳಲ್ಲ, ಮಕ್ಕಳು ನಡುಗ್ತಿದ್ರೆ ಯಾರಾದ್ರೂ ಅದನ್ನೇ ಮಾಡ್ತಿದ್ರು. ತಪ್ಪು ನಮ್ಮದು, ಅದೂ ಎರಡೆರಡು. ಒಂದು, ಹೀಟರ್ ನಿಂತಿದ್ದು. ಇನ್ನೊಂದು, ಟ್ರೈಲರಿಗೆ ಮನೆಗೆ ಮಾಡೋ ಥರಾನೇ ವೈರಿಂಗ್ ಮಾಡ್ಸಿದ್ದು. ಮನೆ ಗೋಡೆ ಅಲ್ಲಾಡಲ್ಲ, ಟ್ರೈಲರ್ ಮಡಿಕೇರಿ ರೋಡಲ್ಲಿ ಹಂಪ್ ಗುಂಡಿ ಎಲ್ಲಾ ಹಾರ್ಕೊಂಡು ಹೋಗುತ್ತೆ, ಆ ಕುಲುಕಾಟಕ್ಕೆ ಸ್ಕ್ರೂ ಸ್ವಲ್ಪ ಸ್ವಲ್ಪವೇ ಸಡಿಲ ಆಗಿ, ಸಡಿಲ ಆದ ಜಾಗದಲ್ಲಿ ಕರೆಂಟ್ ಹೋಗೋವಾಗ ಬಿಸಿ ಏರುತ್ತೆ, ಆ ಬಿಸಿ ಯಾವ ಎಂಸಿಬಿಗೂ ಗೊತ್ತಾಗಲ್ಲ. ಈಗ ಒಂದೇ ಗಟ್ಟಿ ಕಂಬಿ ಇರೋ ವೈರ್ ಎಲ್ಲಾ ತೆಗೆದು ಎಳೆ ಎಳೆ ಇರೋ ತಾಮ್ರದ ವೈರ್ ಹಾಕಿದೀವಿ, ತುದಿಗಳಿಗೆಲ್ಲಾ ಲಗ್ (ಲೋಹದ ತೊಪ್ಪಿ) ಒತ್ತಿ ಕ್ರಿಂಪ್ ಮಾಡ್ಸಿದೀವಿ, ಮತ್ತೆ ಪ್ರತಿ ಟ್ರಿಪ್ ಆದ್ಮೇಲೆ ಬೋರ್ಡ್ ಬಿಚ್ಚಿ ಟೈಟ್ ನೋಡೋದು ನಮ್ಮ ಹುಡುಗರ ಕೆಲಸ.

ಇನ್ನು ಸಾಕೆಟ್ ವಿಷಯ. ಹಸಿರು ಸ್ಟಿಕ್ಕರ್ ಇರೋ 6 ಆಂಪ್ ಸಾಕೆಟ್‌ಗಳು ಬ್ಯಾಟರಿ ಮೇಲೆ ಇನ್ವರ್ಟರ್ ಮೂಲಕ ಓಡ್ತವೆ, ಲ್ಯಾಪ್‌ಟಾಪ್, ಸಣ್ಣ ಮಿಕ್ಸಿ, ಕ್ಯಾಮೆರಾ ಚಾರ್ಜರ್ ಏನ್ ಬೇಕಾದ್ರೂ ಹಾಕಿ. ಈ ಲೈನಿಗೆ ಈಗ 6 ಆಂಪಿಂದೇ ಎಂಸಿಬಿ ಇದೆ, ಅಂದ್ರೆ ಸಾಕೆಟ್ ಸುಡೋ ಮುಂಚೆ ಎಂಸಿಬಿ ಬೀಳುತ್ತೆ. ಕೆಂಪು ಸ್ಟಿಕ್ಕರ್ ಇರೋದು ಒಂದೇ ಒಂದು, 16 ಆಂಪಿನ ಪವರ್ ಪ್ಲಗ್, ಅಡುಗೆ ಕಟ್ಟೆ ಹತ್ರ ಇದೆ, ಕೆಟಲ್ ಇಂಡಕ್ಷನ್ ಏನಿದ್ರೂ ಅದಕ್ಕೇ, ಒಂದು ಸಲಕ್ಕೆ ಒಂದೇ. ಹೊರಗಡೆ ಕರೆಂಟ್ ಕನೆಕ್ಟ್ ಮಾಡಿದಾಗ ಮಾತ್ರ ಅದು ಕೆಲಸ ಮಾಡುತ್ತೆ, ಬ್ಯಾಟರಿ ಮೇಲೆ ಇರೋವಾಗ ಅದು ಹಾಳಾಗಿದೆ ಅಂತ ಫೋನ್ ಮಾಡ್ಬೇಡಿ, ಬೇಕಂತಲೇ ಹಾಗೆ ಮಾಡಿರೋದು. ಹೊಸ ಲಿಥಿಯಂ ಬ್ಯಾಟರಿ 12.8 ವೋಲ್ಟ್ 200 ಆಂಪ್ ಅವರ್, ಗುಣಿಸಿದ್ರೆ 2560 ವ್ಯಾಟ್ ಅವರ್, ಕೇಳೋಕೆ ತುಂಬಾ ಅನ್ಸುತ್ತೆ ಆದ್ರೆ 2000 ವ್ಯಾಟ್‌ನ ಹೀಟರಿಗೆ ಅದು ಒಂದೂವರೆ ಗಂಟೆನೂ ಸಾಲಲ್ಲ. ಅದೇ 40 ವ್ಯಾಟ್ ತಗೊಳ್ಳೋ ಸಿಪ್ಯಾಪ್ ಮಷೀನ್ (ನಿದ್ದೇಲಿ ಉಸಿರಾಟಕ್ಕೆ ತೊಂದರೆ ಇರೋರು ಹಾಕ್ಕೊಳ್ಳೋದು) ಎಂಟು ಗಂಟೆ ಓಡಿದ್ರೂ 320 ವ್ಯಾಟ್ ಅವರ್ ಅಷ್ಟೇ ಖರ್ಚು.

ಮೊಬೈಲ್‌ಗೆ ಹಾಸಿಗೆ ಪಕ್ಕ ಟೈಪ್ ಸಿ ಪಾಯಿಂಟ್ ಕೊಟ್ಟಿದೀವಿ, ನೇರ ಬ್ಯಾಟರಿಯಿಂದ ಬರುತ್ತೆ. ರಾತ್ರಿ ಮಲಗೋವಾಗ ಬೇರೇನೂ ಹಾಕಿಲ್ಲ ಅಂದ್ರೆ ಇನ್ವರ್ಟರ್ ಆಫ್ ಮಾಡಿ, ಸುಮ್ನೆ ಆನ್ ಇದ್ರೂ ಅದು ಬ್ಯಾಟರಿ ತಿಂತಾ ಇರುತ್ತೆ.

ಹೊರಗಿನ ಕರೆಂಟಿಗೆ ಈಗ ನೀಲಿ ಬಣ್ಣದ ಇಂಡಸ್ಟ್ರಿಯಲ್ ಪ್ಲಗ್, ಮಳೆ ನೀರು ಹೋಗದೆ ಇರೋ ಮುಚ್ಚಳ ಸಮೇತ. 20 ಮೀಟರ್ ಕೇಬಲ್ ನಾವೇ ಕೊಡ್ತೀವಿ, ಹತ್ತೇ ಮೀಟರ್ ಬೇಕಾಗಿದ್ರೂ ಪೂರ್ತಿ ಬಿಚ್ಚಿ ನೆಲದ ಮೇಲೆ ಹಾಸಿ, ಸುತ್ತಿರೋ ಹಾಗೇ ಬಿಟ್ಟು ಲೋಡ್ ಕೊಟ್ರೆ ಒಳಗಡೆ ಬಿಸಿ ಹೊರಗೆ ಹೋಗೋಕೆ ದಾರಿ ಇರಲ್ಲ, ಕೇಬಲ್ ಸಿಪ್ಪೆ ಕರಗಿ ಒಂದಕ್ಕೊಂದು ಅಂಟ್ಕೊಳುತ್ತೆ. ಮಲೆನಾಡು ಕಡೆ ಹಳೇ ಮನೆಗಳಲ್ಲಿ ಎಷ್ಟೋ ಕಡೆ ಅರ್ಥಿಂಗ್ ನೆಟ್ಟಗಿರಲ್ಲ, ಫೇಸು ನ್ಯೂಟ್ರಲ್ಲು ಅದಲು ಬದಲಾಗಿರೋದನ್ನೂ ನೋಡಿದೀನಿ. ಅದಕ್ಕೆ ಫೇಸ್ ನ್ಯೂಟ್ರಲ್ ಎರಡನ್ನೂ ಕಟ್ ಮಾಡೋ ಡಬಲ್ ಪೋಲ್ ಎಂಸಿಬಿ ಮತ್ತೆ ಕರೆಂಟ್ ಲೀಕ್ ಆದ್ರೆ ತಕ್ಷಣ ಕಟ್ ಮಾಡೋ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕ್ಸಿದೀವಿ. ಎಂಸಿಬಿ ಇರೋದು ವೈರ್ ಉಳಿಸೋಕೆ, ಆರ್‌ಸಿಸಿಬಿ ಇರೋದು ಜೀವ ಉಳಿಸೋಕೆ. ಅದರ ಮೇಲೆ ಟಿ ಅಂತ ಒಂದು ಬಟನ್ ಇದೆ, ಕರೆಂಟ್ ಕನೆಕ್ಟ್ ಮಾಡಿದ ತಕ್ಷಣ ಒತ್ತಿ, ಟಕ್ ಅಂತ ಬೀಳ್ಬೇಕು, ಬೀಳಲಿಲ್ಲ ಅಂದ್ರೆ ಆ ಕರೆಂಟ್ ಬಳಸ್ಬೇಡಿ, ನಮಗೆ ಫೋನ್ ಮಾಡಿ.

ಈಗ ಹೀಟರ್. ಅವತ್ತು ನಿಂತಿದ್ದಕ್ಕೆ ಕಾರಣ ಹುಡುಕೋಕೆ ನಮಗೆ ಹದಿನೈದು ದಿನ ಹಿಡೀತು, ಯಾಕಂದ್ರೆ ಇಲ್ಲಿ ಮೈಸೂರಿನ ಶೆಡ್ಡಲ್ಲಿ ಅದು ಆರಾಮಾಗಿ ಹತ್ತೋದು. ಡೀಸೆಲ್ ಹೀಟರ್ ಸ್ಟಾರ್ಟ್ ಆಗೋವಾಗ ಒಳಗೆ ಡೀಸೆಲ್ ಹೊತ್ತಿಸೋ ಗ್ಲೋ ಪ್ಲಗ್ ಬಿಸಿ ಆಗೋಕೆ ಹತ್ತು ಆಂಪ್ ಹತ್ರ ಎಳೆಯುತ್ತೆ. ನಾವು ಹಾಕ್ಸಿದ್ದು ಎರಡೂವರೆ ಎಂಎಂ ವೈರ್, ಬ್ಯಾಟರಿಯಿಂದ ಹೀಟರಿಗೆ ಹೋಗಿ ಬರೋಕೆ ಒಟ್ಟು 10 ಮೀಟರ್, ಅಷ್ಟರಲ್ಲೇ ಮುಕ್ಕಾಲು ವೋಲ್ಟ್ ಬಿದ್ದು ಹೋಗ್ತಿತ್ತು. 230ರಲ್ಲಿ ಮುಕ್ಕಾಲು ವೋಲ್ಟ್ ಹೋದ್ರೆ ಲೆಕ್ಕಕ್ಕೇ ಇಲ್ಲ, 12ರಲ್ಲಿ ಹೋದ್ರೆ ತುಂಬಾ ದೊಡ್ಡದು. ರಾತ್ರಿಯೆಲ್ಲಾ ಓಡಿ ಬ್ಯಾಟರಿ ಸ್ವಲ್ಪ ಇಳಿದಾಗ ಹೀಟರ್ ಲೋ ವೋಲ್ಟೇಜ್ ಅಂತ ತೋರ್ಸಿ ನಿಂತುಬಿಡ್ತಿತ್ತು. ಈಗ ಆ ಲೈನಿಗೆ ಆರು ಎಂಎಂ ವೈರ್.

ಜೊತೆಗೆ ಎತ್ತರದ ಸಮಸ್ಯೆ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್, ಊಟಿ 2240 ಮೀಟರ್, ಅಲ್ಲಿ ಗಾಳಿ ತೆಳು, ಅದೇ ಅಳತೆ ಡೀಸೆಲ್ ಒಳಗೆ ಹೋದ್ರೆ ಪೂರ್ತಿ ಉರಿಯಲ್ಲ, ಮಸಿ ಕಟ್ಟುತ್ತೆ. ಹೊಸ ಕಂಟ್ರೋಲರ್ ಎತ್ತರ ನೋಡ್ಕೊಂಡು ಡೀಸೆಲ್ ತಾನೇ ಕಮ್ಮಿ ಮಾಡುತ್ತೆ.

ಹಳೇದರಲ್ಲಿ ಒಂದರಿಂದ ಹತ್ತರವರೆಗೆ ತಿರುಗಿಸೋ ನಾಬ್ ಇತ್ತಲ್ಲ, ಅದು ಹೋಯ್ತು. ಈಗ ಡಿಗ್ರಿ ಸೆಟ್ ಮಾಡ್ಬೇಕು, 18 ಇಟ್ರೆ ಕಂಬಳಿ ಹೊದ್ದು ಮಲಗೋಕೆ ಸರಿಯಾಗಿರುತ್ತೆ, ಚಿಕ್ಕ ಮಕ್ಕಳು, ವಯಸ್ಸಾದೋರು ಇದ್ರೆ 20. ಮುಂಚೆ ಟೆಂಪರೇಚರ್ ಸೆನ್ಸರ್ ಬಿಸಿ ಗಾಳಿ ಬರೋ ದಾರಿಲೇ ಇತ್ತು, ಅದಕ್ಕೆ ಬಿಸಿ ತಾಗಿದ ಕೂಡ್ಲೆ ಸಾಕು ಅಂತ ಹೀಟರ್ ತಗ್ಗೋದು, ಹಾಸಿಗೆ ಕಡೆ ಚಳಿ ಇನ್ನೂ ಕೊರೀತಾನೇ ಇರೋದು. ಸೆನ್ಸರ್‌ನ ದಿಂಬಿನ ಎತ್ತರಕ್ಕೆ ಒಳ ಗೋಡೆ ಮೇಲೆ ಕೂರ್ಸಿದೀವಿ, ದಯವಿಟ್ಟು ಅದರ ಮೇಲೆ ಜರ್ಕಿನ್ ನೇತು ಹಾಕ್ಬೇಡಿ.

ಹೀಟರ್ ಆಫ್ ಒತ್ತಿದ್ಮೇಲೂ ಮೂರ್ನಾಲ್ಕು ನಿಮಿಷ ಫ್ಯಾನ್ ತಿರುಗುತ್ತೆ, ಒಳಗಿನ ಬಿಸಿ ಹೊರಗೆ ಹಾಕೋಕೆ. ಮುಂಚೆ ಕೆಲವರು ಮೇನ್ ಸ್ವಿಚ್ಚೇ ಆಫ್ ಮಾಡ್ಬಿಡ್ತಿದ್ರು, ಹಾಗೆ ಮಾಡಿದ್ರೆ ಹೀಟರ್ ಒಳಗೇ ಬೆಂದು ಹೋಗುತ್ತೆ, ಅದಕ್ಕೆ ಈಗ ಅದರ ಲೈನ್ ಮೇನ್ ಸ್ವಿಚ್ಚಿಗೆ ಹೋಗದೆ ಫ್ಯೂಸ್ ಮೂಲಕ ನೇರ ಬ್ಯಾಟರಿಗೆ ಹೋಗುತ್ತೆ. ಹೊಗೆ ಕೊಳವೆ ಗಾಡಿ ಕೆಳಗಡೆ ಇದೆ, ಹುಲ್ಲಿನ ರಾಶಿ, ಮಣ್ಣಿನ ದಿಬ್ಬಕ್ಕೆ ಒತ್ತಿ ನಿಲ್ಲಿಸ್ಬೇಡಿ, ಸುತ್ತ ಟಾರ್ಪಾಲ್ ಕಟ್ಬೇಡಿ. ಎಷ್ಟೇ ಚಳಿ ಇದ್ರೂ ಕ್ಯಾಂಪ್‌ಫೈರ್‌ನ ಕೆಂಡ ಒಳಗೆ ತರಲೇಬೇಡಿ, ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ ವಾಸನೆ ಇಲ್ಲ, ನಿದ್ದೆಯಲ್ಲಿರೋರಿಗೆ ಗೊತ್ತೇ ಆಗಲ್ಲ. ಹಾಸಿಗೆ ಹತ್ರ ಅದಕ್ಕೆ ಅಂತಾನೇ ಅಲಾರಂ ಹಾಕಿದೀವಿ, ಅದು ಕೂಗಿದ್ರೆ ಮೊದಲು ಎಲ್ರೂ ಹೊರಗೆ ಬನ್ನಿ, ಆಮೇಲೆ ಫೋನ್ ಮಾಡಿ, ಎಷ್ಟು ಹೊತ್ತಾದ್ರೂ ಎತ್ತೀವಿ.

ಇಷ್ಟೆಲ್ಲಾ ಮಾಡ್ಸಿದ್ದಕ್ಕೆ ದಿನದ ಬಾಡಿಗೆ 250 ರೂಪಾಯಿ ಜಾಸ್ತಿ ಆಗುತ್ತೆ. ಈಗಾಗ್ಲೇ ಅಡ್ವಾನ್ಸ್ ಕೊಟ್ಟಿರೋರಿಗೆ ಹಳೇ ರೇಟೇ. ಗಾಡಿ ಕೊಡೋವಾಗ ಇಪ್ಪತ್ತು ನಿಮಿಷ ನಿಲ್ಸಿ ಎಲ್ಲಾ ತೋರಿಸ್ತೀವಿ, ಅವಸರದಲ್ಲಿದ್ರೂ ಇದೊಂದಕ್ಕೆ ಟೈಮ್ ಇಟ್ಕೊಂಡು ಬನ್ನಿ. ಮನೇಲಿ ಯಾರಾದ್ರೂ ಸಿಪ್ಯಾಪ್ ಬಳಸೋರಿದ್ರೆ ಎರಡು ದಿನ ಮುಂಚೆ ಮಾಡೆಲ್ ಹೇಳಿ, ಇನ್ವರ್ಟರ್ ಇಲ್ಲದೆ 12 ವೋಲ್ಟಲ್ಲೇ ಓಡೋ ಅಡಾಪ್ಟರ್ ಸಿಗುತ್ತಾ ಅಂತ ನೋಡಿ ಇಟ್ಟಿರ್ತೀವಿ. ಡಿಸೆಂಬರ್ ರಜಕ್ಕೆ ನಾಲ್ಕನೇ ಗಾಡಿ ಬುಕ್ ಮಾಡಿದ್ದೋರಿಗೆ ನಾವೇ ಈ ವಾರ ಫೋನ್ ಮಾಡ್ತೀವಿ.

ಇಂತಿ ನಿಮ್ಮ
ಟ್ರೈಲರ್ ಶೆಡ್ಡಿನೋರು, ಮೈಸೂರು